ಅಂಗವಿಕಲ ಹೆಣ್ಣುಮಕ್ಕಳೂ ಮೋಟಾರು ಚಾಲನೆಯೂ

ಈ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಪೂರ್ವಚರಿತ್ರೆಯನ್ನೂ ದಿವಂಗತರಾದ ಉಪಾಧ್ಯಾಯಿನಿಯರ ಗುಣಗಳನ್ನೂ ಬಣ್ಣಿಸಿ ಬರೆಯತಕ್ಕ ಸಹೋದರಿಯರು ಬೇಕಾದಷ್ಟು ಮಂದಿ ಇರುವರು. ಆದುದರಿಂದ ಸಂಪಾದಕ ಮಂಡಲಿಯವರು ನಮ್ಮಿಂದಲೂ ಒಂದು ಲೇಖನವನ್ನು ಅಪೇಕ್ಷಿಸಿದಾಗ, ಇಂಥ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತದಿರುವ ಒಂದು ವಿಷಯವನ್ನು ಹಳೆಯ ವಿದ್ಯಾರ್ಥಿನಿಯರ ಹಾಗೂ ತಾಯಿತಂದೆಗಳ ಮುಂದಿಡುವುದು ಲೇಸೆಂದು ನಮಗೆ ತೋರಿತು. ಕಾಲಿನಲ್ಲಿಯೋ ಕೈಯಲ್ಲಿಯೋ ಶಕ್ತಿ ಕುಂದಿರುವ ಹೆಣ್ಣುಮಗಳು ಮೋಟಾರು ಗಾಡಿಯನ್ನು ನಡೆಯಿಸಲು ಕಲಿಯಬಹುದೇ, ಕಲಿತು ಸರಕಾರದವರ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಬಹುದೇ ಎಂಬುದೇ ಆ ವಿಷಯ. ಖಂಡಿತವಾಗಿಯೂ ಹೊಂದಬಹುದೆಂಬುದು ನಮ್ಮ ಅಭಿಪ್ರಾಯ. ಅವಳಿಗೆ ದೊಡ್ಡ ಅಡ್ಡಿಯಾಗಿರುವುದು ಕಲಿಯುವುದಕ್ಕೆ ತಕ್ಕ ಗಾಡಿಯು ಎಲ್ಲಿಯೂ ದೊರೆಯದಿರುವುದು. ಇದನ್ನು ವಿವರಿಸಿ, ಕಡೆಯಲ್ಲಿ ನಮ್ಮ ಉತ್ಸವ ನಿಧಿಯ ಸಂಬಂಧವಾಗಿ ಒಂದು ಸೂಚನೆಯನ್ನೂ ಮಾಡಬೇಕೆಂದಿದ್ದೇವೆ. ಆ ಸೂಚನೆಯು ಎಲ್ಲರಿಗೂ ರುಚಿಸಲಾರದೆಂದು ಬಲ್ಲೆವು.

ಮೊದಲಿಗೆ ನಮ್ಮ ಶಾಲೆಯ ಹೊಲಿಗೆಯ ಕೊಠಡಿಯನ್ನು ಸಹೋದರಿಯರು ಜ್ಞಾಪಿಸಿಕೊಳ್ಳಲಿ. ಅಲ್ಲಿ ಕಾಲಿನಿಂದ ಮೆಟ್ಟಿ ನಡೆಯಿಸತಕ್ಕ ಯಂತ್ರಗಳು ಸಾಲಾಗಿ ಇದ್ದುವು. ಕಿಟಕಿಯ ಬಳಿಯಲ್ಲಿ ಕೈಯಿಂದ ತಿರುಗಿಸತಕ್ಕ ಯಂತ್ರಗಳು ಎರಡಿದ್ದುವು. ಪೋಲಿಯೋ ರೋಗದಿಂದ ಕಾಲು ಸೊರಗಿದ ಹುಡುಗಿಯರಿಗೆ ಈ ಕೈಯಂತ್ರಗಳನ್ನು ಕೊಡುತ್ತಿದ್ದರು. ವರ್ಷದ ಕೊನೆಗೆ ಪರೀಕ್ಷಕರು ಬಂದು, ಹೊಲಿದ ಲಂಗದ ಅಂಚನ್ನು ಬೆಳಕಿಗೆ ಹಿಡಿದು, ಹೊಲಿಗೆಯು ನೇರವಾಗಿದೆಯೇ, ನೂಲು ಸಡಿಲಾಗಿದೆಯೇ ಎಂದು ನೋಡುತ್ತಿದ್ದರು. ಕಾಲಿನಿಂದ ಹೊಲಿದುದಾವುದು, ಕೈಯಿಂದ ಹೊಲಿದುದಾವುದು ಎಂದು ಅವರು ಕೇಳಿದ್ದನ್ನು ನಾವು ಕಾಣೆವು. ದೇವಾಲಯದಲ್ಲಿಯೂ ಹಾಗೆಯೇ. ಕಾಲು ಹಾರ್ಮೋನಿಯಮನ್ನು ಬಾರಿಸಲಾರದವಳು ಕೈಯಿಂದ ಗಾಳಿ ಹಾಕುವ ಹಾರ್ಮೋನಿಯಮನ್ನು ಬಾರಿಸಿದಳೆಂದು ಸಭೆಯವರು ಹಾಡುವುದನ್ನು ನಿಲ್ಲಿಸಲಿಲ್ಲ.

ಮೋಟಾರು ಗಾಡಿಯ ಸಂಗತಿಯೂ ಇದಕ್ಕಿಂತ ಬೇರೆಯಲ್ಲ. ಗಾಡಿ ನಡೆಯಿಸುವಾಗ ಕಾಲುಗಳು ಮಾಡುವ ಕೆಲಸವೇನೆಂದು ಬಿಡಿಸಿ ನೋಡಿದರೆ, ಅವು ಮೂರು ಮೆಟ್ಟುಗಳನ್ನು ಅದುಮುತ್ತವೆ, ಅಷ್ಟೆ. ಒಂದು ವೇಗವನ್ನು ಹೆಚ್ಚಿಸತಕ್ಕದ್ದು; ಒಂದು ಬ್ರೇಕು; ಮತ್ತೊಂದು ಗೇರು ಬದಲಾಯಿಸುವಾಗ ಎಂಜಿನ್ನಿಗೂ ಚಕ್ರಗಳಿಗೂ ಇರುವ ಸಂಬಂಧವನ್ನು ಬಿಡಿಸತಕ್ಕ ಕ್ಲಚ್ಚು. ತಾನಾಗಿಯೇ ಗೇರು ಬದಲಾಯಿಸಿಕೊಳ್ಳುವ ಗಾಡಿಗಳಲ್ಲಿ ಈ ಮೂರನೆಯ ಮೆಟ್ಟು ಇಲ್ಲವೇ ಇಲ್ಲ. ಎಡಗಾಲಿಗೆ ಅಲ್ಲಿ ಕೆಲಸವಿಲ್ಲ. ಮೊದಮೊದಲು ಇಂಥ ಗಾಡಿಗಳು ಸಿರಿವಂತರ ಪಾಲಿನವಾಗಿದ್ದುವು. ೨೦೧೪ರಲ್ಲಿ ಮಾರುತಿ ಸಂಸ್ಥೆಯವರು ಸೆಲೆರಿಯೋ ಎಂಬ ಸಣ್ಣ ಕಾರಿನಲ್ಲಿ ಈ ಏರ್ಪಾಟನ್ನು ತಂದ ಮೇಲೆ ಮಧ್ಯಮ ಸ್ಥಿತಿಯ ಸಂಸಾರಗಳಿಗೂ ಅವು ಎಟಕುವಂತಾದುವು. ಎಡಗಾಲು ಮಾತ್ರ ಬಲಹೀನವಾಗಿರುವವಳಿಗೆ ಇಷ್ಟೇ ಸಾಕು. ಬೇರಾವ ಮಾರ್ಪಾಟೂ ಬೇಕಾಗದು. ಬಲಗಾಲು ಬಲಹೀನವಾಗಿದ್ದರೆ ವೇಗದ ಮೆಟ್ಟನ್ನು ಎಡಗಡೆಗೆ ಜೋಡಿಸಬಹುದು.

ಎರಡು ಕಾಲುಗಳೂ ಕೆಲಸಕ್ಕೆ ಬಾರದಿದ್ದರೆ, ಸ್ಟೀರಿಂಗ್ ಚಕ್ರದ ಕೆಳಗೆ ಒಂದು ಸನ್ನೆಕೋಲನ್ನು ಜೋಡಿಸುತ್ತಾರೆ. ಅದನ್ನು ಮುಂದಕ್ಕೆ ಒತ್ತಿದರೆ ಬ್ರೇಕು ಹಿಡಿಯುವುದು. ತನ್ನ ಕಡೆಗೆ ಎಳೆದರೆ, ಅಥವಾ ಕೆಲವು ಮಾದರಿಗಳಲ್ಲಿ ಸ್ಕೂಟರಿನಂತೆ ಹಿಡಿಯನ್ನು ತಿರುಗಿಸಿದರೆ, ವೇಗವು ಹೆಚ್ಚುವುದು. ಗಾಡಿಯು ಥಟ್ಟನೆ ನಿಲ್ಲುವಾಗ ದೇಹವು ಮುಂದಕ್ಕೆ ಬಾಗುವುದರಿಂದ, ಒತ್ತುವ ಕೈಗೆ ದೇಹದ ಭಾರವೂ ಒದಗುವುದು. ಒಂದು ಕೈ ಸದಾ ಈ ಕೋಲಿನ ಮೇಲಿರಬೇಕಾದುದರಿಂದ ಚಕ್ರವನ್ನು ಇನ್ನೊಂದೇ ಕೈಯಿಂದ ತಿರುಗಿಸಬೇಕು. ಅದಕ್ಕಾಗಿ ಚಕ್ರಕ್ಕೆ ಬುಗುರಿಯ ಆಕಾರದ ಒಂದು ಹಿಡಿಯನ್ನು ಕೂಡಿಸಿರುತ್ತಾರೆ. ಕೇಳುವುದಕ್ಕೆ ಇದು ಸುಲಭ. ಕಲಿಯುವುದು ಅಷ್ಟು ಸುಲಭವಲ್ಲವೆಂಬುದನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ಮೊದಲ ದಿನಗಳಲ್ಲಿ ಕೈಯು ಎಳೆಯಬೇಕಾದಲ್ಲಿ ಒತ್ತುವುದು, ಒತ್ತಬೇಕಾದಲ್ಲಿ ಎಳೆಯುವುದು. ಗಾಡಿಯು ಕಪ್ಪೆಯಂತೆ ನೆಗೆಯುವುದು. ಏರಿನಲ್ಲಿ ನಿಂತ ಗಾಡಿಯನ್ನು ಹಿಂದಕ್ಕೆ ಜಾರಗೊಡದೆ ಹೊರಡಿಸುವುದಂತೂ ಎರಡು ಕೈಗಳಿಗೆ ಮೂರು ಕೆಲಸ. ಆದರೆ ಎರಡು ಕೈಗಳಿಂದ ಎರಡು ಬೇರೆ ಕೆಲಸಗಳನ್ನು ಏಕಕಾಲದಲ್ಲಿ ಮಾಡುವುದು ವೀಣೆ ಕಲಿತ ಹೆಣ್ಣುಮಕ್ಕಳಿಗೆ ಹೊಸತೇ?

ಈ ಏರ್ಪಾಟು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಅಮೇರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರು ೧೯೨೧ರಲ್ಲಿ ಕಾಯಿಲೆ ಬಿದ್ದು ಎರಡು ಕಾಲುಗಳ ಶಕ್ತಿಯನ್ನೂ ಕಳೆದುಕೊಂಡರು. ಆದರೂ ಕೈಯಿಂದಲೇ ನಡೆಯಿಸುವಂತೆ ಮಾಡಿಸಿದ ಫೋರ್ಡ್ ಗಾಡಿಯಲ್ಲಿ ತಮ್ಮ ಊರಿನ ದಾರಿಗಳನ್ನೆಲ್ಲ ಸುತ್ತುತ್ತಿದ್ದರು. ೧೯೩೬ನೆಯ ಮಾದರಿಯ ಆ ಗಾಡಿಯನ್ನು ಹೈಡ್ ಪಾರ್ಕಿನಲ್ಲಿರುವ ಅವರ ಸ್ಮಾರಕ ಸಂಗ್ರಹಾಲಯದಲ್ಲಿ ಇರಿಸಿರುತ್ತಾರೆ.

ಇನ್ನು ಪರೀಕ್ಷೆಯ ವಿಚಾರ. ನಮ್ಮ ದೇಶದ ಮೋಟಾರು ಕಾಯಿದೆಗಳಿಗೆ ಮೇಲ್ಪಂಕ್ತಿಯಾದ ಬ್ರಿಟನ್ನಿನಲ್ಲಿ ಈ ಪರೀಕ್ಷೆಯು ಹುಟ್ಟಿದ ಬಗೆಯು ಸ್ವಾರಸ್ಯವಾದುದು. ೧೯೦೩ರ ಕಾಯಿದೆಯ ಮೇರೆಗೆ ಅಲ್ಲಿ ಐದು ಷಿಲ್ಲಿಂಗುಗಳನ್ನು ಕೊಟ್ಟವರಿಗೆಲ್ಲ ಲೈಸೆನ್ಸು ಸಿಕ್ಕುತ್ತಿತ್ತು. ಗಾಡಿ ನಡೆಯಿಸಲು ಬರುವುದೇ ಎಂದು ಯಾರೂ ಕೇಳುತ್ತಿರಲಿಲ್ಲ. ೧೯೩೦ರ ಕಾಯಿದೆಯಲ್ಲಿ ಮೊಟ್ಟಮೊದಲಿಗೆ ಚಾಲನೆಯ ಪರೀಕ್ಷೆಯನ್ನು ಏರ್ಪಡಿಸಿದಾಗ ಅದನ್ನು ಅಂಗವಿಕಲರಿಗೆ ಮಾತ್ರ ವಿಧಿಸಿದರು. ಮಿಕ್ಕವರಿಗೆ ಪರೀಕ್ಷೆಯು ಕಡ್ಡಾಯವಾದುದು ೧೯೩೫ನೆಯ ಜೂನ್ ೧ರಿಂದ. ಎಂದಮೇಲೆ ನಡುವಿನ ನಾಲ್ಕೈದು ವರ್ಷಗಳಲ್ಲಿ, ಕಾಯಿದೆಯ ಮೂಲಕ ಪರೀಕ್ಷೆಗೆ ನಿಂತು ತಮ್ಮ ಚಾಲನೆಯ ಸಾಮರ್ಥ್ಯವನ್ನು ತೋರಿಸಿಕೊಟ್ಟವರು ಆ ದೇಶದಲ್ಲಿ ಅಂಗವಿಕಲರೇ ಆಗಿದ್ದರು! ಅವಮಾನವೆಂದು ಮಾಡಿದುದು ಹೀಗೆ ಮಾನವಾಗಿ ಪರಿಣಮಿಸಿತು. ಈಗ ಅಲ್ಲಿ ಅಂಗವಿಕಲರಿಗೂ ಇತರರಿಗೂ ಪರೀಕ್ಷೆಯ ಮಟ್ಟವು ಒಂದೇ. ಆದರೆ ಅಂಗವಿಕಲರು ಅರ್ಜಿಯಲ್ಲಿ ತಮ್ಮ ಸ್ಥಿತಿಯನ್ನು ತಿಳಿಸಿದರೆ ಪರೀಕ್ಷೆಗೆ ಹೆಚ್ಚು ಸಮಯವನ್ನು ಗೊತ್ತುಮಾಡುವರು. ತಮ್ಮ ಗಾಡಿಯಲ್ಲಿರುವ ಮಾರ್ಪಾಟುಗಳನ್ನು ಪರೀಕ್ಷಕರಿಗೆ ಮೊದಲೇ ತೋರಿಸಿ ವಿವರಿಸುವುದಕ್ಕಾಗಿ ಈ ಅವಕಾಶ. ಮಟ್ಟವನ್ನು ಇಳಿಸದೆ ಸಮಯವನ್ನು ಹೆಚ್ಚಿಸುವುದು ನಮಗೆ ಬಹು ವಿವೇಕದ ಏರ್ಪಾಟಾಗಿ ಕಾಣುತ್ತದೆ.

ಬ್ರಿಟನ್ನಿನವರು ಎಡವಿದ ಒಂದು ಸಂಗತಿಯನ್ನೂ ಹೇಳಬೇಕು. ಎರಡನೆಯ ಮಹಾಯುದ್ಧದ ಅನಂತರ ಅಲ್ಲಿಯ ಸರಕಾರದವರು ಅಂಗವಿಕಲರಿಗೆಂದೇ ಮೂರು ಚಕ್ರದ ಸಣ್ಣ ಮೋಟಾರು ಗಾಡಿಗಳನ್ನು ಹಂಚುತ್ತ ಬಂದರು. ತಿಳಿನೀಲಿ ಬಣ್ಣದ ಆ ಗಾಡಿಗಳಿಗೆ ಇನ್‌ವಾಕಾರ್ ಎಂಬ ಹೆಸರೇ ರೂಢಿಯಾಗಿತ್ತು. ಅವುಗಳಲ್ಲಿ ಒಂದೇ ಆಸನ. ತಾಯಿಯಾದವಳು ಮಗುವನ್ನು ಕೂರಿಸಿಕೊಂಡು ಹೋಗುವಂತಿಲ್ಲ. ಗಂಡ ಹೆಂಡಿರು ಕೂಡಿ ಹೋಗುವಂತಿಲ್ಲ. ದಾರಿಯಲ್ಲಿ ಕಂಡವರು ಗಾಡಿಯ ಬಣ್ಣವನ್ನು ನೋಡಿಯೇ ಒಳಗಿರುವವರ ದೇಹಸ್ಥಿತಿಯನ್ನು ಹೇಳಿಬಿಡಬಹುದಾಗಿತ್ತು. ೧೯೭೭ರಲ್ಲಿ ಮೋಟಬಿಲಿಟಿ ಎಂಬ ಸಂಸ್ಥೆಯು ಸ್ಥಾಪಿತವಾಗಿ, ಎಲ್ಲರೂ ಕೊಳ್ಳುವ ಸಾಮಾನ್ಯ ಕಾರುಗಳನ್ನೇ ಮಾರ್ಪಡಿಸಿ ಬಾಡಿಗೆಯ ಕ್ರಮದಲ್ಲಿ ಕೊಡಲಾರಂಭಿಸಿದ ಮೇಲೆ ಈ ಮೂರು ಚಕ್ರದ ಗಾಡಿಗಳು ಕ್ರಮವಾಗಿ ಕಡಮೆಯಾದುವು. ೨೦೦೩ನೆಯ ಮಾರ್ಚ್ ೩೧ಕ್ಕೆ ಅವನ್ನು ರಸ್ತೆಯಿಂದಲೇ ತೆಗೆದುಹಾಕಿದರು.

ನಮ್ಮ ದೇಶದ ಕಾಯಿದೆಯೂ ಬಹುಕಾಲ ಇದೇ ಭಾವನೆಗೆ ಕಟ್ಟುಬಿದ್ದಿತ್ತು. ೧೯೩೯ರ ಕಾಯಿದೆಯಲ್ಲಿಯೂ, ಅದರ ಬದಲು ಬಂದ ೧೯೮೮ರ ಕಾಯಿದೆಯಲ್ಲಿಯೂ ‘ಇನ್‌ವ್ಯಾಲಿಡ್ ಕ್ಯಾರೇಜ್’ ಎಂಬ ಒಂದು ಜಾತಿಯ ವಾಹನವನ್ನು ಹೇಳಿತ್ತು. ೧೯೮೮ರ ವ್ಯಾಖ್ಯೆಯಂತೆ ಅದು ಅಂಗವಿಕಲರಿಗಾಗಿ ವಿಶೇಷವಾಗಿ ನಿರ್ಮಿಸಿದ್ದಾಗಿರಬೇಕು, ಬರಿದೆ ಮಾರ್ಪಡಿಸಿದ್ದಾದರೆ ಸಾಲದು. ಹಾಗೆ ವಿಶೇಷವಾಗಿ ನಿರ್ಮಿಸಿದ ಕಾರು ಯಾವ ಅಂಗಡಿಯಲ್ಲಿ ಸಿಕ್ಕುತ್ತಿತ್ತು? ೨೦೧೯ರ ತಿದ್ದುಪಡಿಯಲ್ಲಿ ಈ ಹೆಸರನ್ನು ತೆಗೆದು ‘ಅಡಾಪ್ಟೆಡ್ ವೆಹಿಕಲ್’ ಎಂಬ ಹೆಸರನ್ನು ಇಟ್ಟರು. ಸಾಮಾನ್ಯ ಗಾಡಿಯನ್ನು ಮಾರ್ಪಡಿಸಿ ನೋಂದಣಿ ಅಧಿಕಾರಿಗಳ ಒಪ್ಪಿಗೆಯನ್ನು ಪಡೆಯುವುದಕ್ಕೂ ಅವಕಾಶವಾಯಿತು. ಹೆಸರಿನ ಈ ಬದಲಾವಣೆಯನ್ನು ನಾವು ಸಣ್ಣದೆಂದು ಎಣಿಸುವುದಿಲ್ಲ. ಮೊದಲಿನ ಹೆಸರು ಕುಳಿತವಳನ್ನು ಕುರಿತದ್ದು, ಈಗಿನ ಹೆಸರು ಗಾಡಿಯನ್ನು ಕುರಿತದ್ದು. ಅರ್ಜಿದಾರರ ಅಂಗವೈಕಲ್ಯದಿಂದ ಜನರಿಗೆ ಅಪಾಯವಾಗುವಂತಿದ್ದರೆ ಲೈಸೆನ್ಸನ್ನು ಕೊಡಕೂಡದೆಂದು ಹೇಳುವ ಕಾಯಿದೆಯೇ, ಮಾರ್ಪಡಿಸಿದ ವಾಹನವನ್ನು ನಡೆಯಿಸಲು ಅವರು ಯೋಗ್ಯರೆಂದು ಅಧಿಕಾರಿಗೆ ಮನವರಿಕೆಯಾದರೆ ಆ ವಾಹನದ ಮಟ್ಟಿಗೆ ಲೈಸೆನ್ಸನ್ನು ಕೊಡಬಹುದೆಂದೂ ಹೇಳುತ್ತದೆ. ಕಾಯಿದೆಯು ಬಾಗಿಲನ್ನು ಮುಚ್ಚಿಲ್ಲವೆಂಬುದನ್ನು ತಾಯಿತಂದೆಗಳು ಮುಖ್ಯವಾಗಿ ತಿಳಿದಿರಬೇಕು.

ಹಾಗಾದರೆ ತೊಡಕು ಎಲ್ಲಿರುವುದು? ಪರೀಕ್ಷೆಯನ್ನು ಅರ್ಜಿಯಲ್ಲಿ ಹೇಳಿದ ಜಾತಿಯ ವಾಹನದಲ್ಲಿಯೇ ಕೊಡಬೇಕೆಂದು ವಿಧಿ ಇದೆ. ಅದು ನ್ಯಾಯವಾದುದೇ. ಆದರೆ ಅದಕ್ಕೆ ಮುಂಚೆ ಕಲಿಯಬೇಕಲ್ಲವೇ? ಕಲಿಯುವವರ ಲೈಸೆನ್ಸನ್ನು ಪಡೆದು ೩೦ ದಿನಗಳಾದರೂ ಕಳೆದ ಮೇಲೆ ಪರೀಕ್ಷೆಗೆ ಹೋಗಬೇಕು. ಆ ಲೈಸೆನ್ಸು ನಡೆಯುವುದು ೬ ತಿಂಗಳು. ಈ ಅವಧಿಯಲ್ಲಿ ಮಿಕ್ಕ ಹೆಣ್ಣುಮಕ್ಕಳು ಊರಿನ ಡ್ರೈವಿಂಗ್ ಸ್ಕೂಲಿಗೆ ಹೋಗಿ ಅವರ ಗಾಡಿಯಲ್ಲಿ ಕಲಿಯುತ್ತಾರೆ. ಕಾಲು ನಡೆಯದ ಹೆಣ್ಣುಮಗಳು ಅಲ್ಲಿಗೆ ಹೋದರೆ, ಕೈಯಿಂದ ನಡೆಯಿಸುವ ಗಾಡಿಯು ತಮ್ಮಲ್ಲಿಲ್ಲವೆಂದು ಹೇಳಿ ಕಳುಹಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ. ವರ್ಷಕ್ಕೊಬ್ಬಳು ಬರುವಳೋ ಇಲ್ಲವೋ ಎಂಬ ಶಿಷ್ಯೆಗಾಗಿ ಅವರು ಗಾಡಿಯನ್ನು ಮಾರ್ಪಡಿಸಿಟ್ಟುಕೊಳ್ಳುವುದುಂಟೇ? ಆಗ ಆಕೆಗೆ ಉಳಿಯುವ ದಾರಿ ಒಂದೇ: ಮೊದಲು ಸ್ವಂತ ಗಾಡಿಯನ್ನು ಕೊಂಡು, ಅದನ್ನು ಮಾರ್ಪಡಿಸಿ, ಅಧಿಕಾರಿಗಳ ಒಪ್ಪಿಗೆಯನ್ನು ಪಡೆದು, ಆಮೇಲೆ ಕಲಿಯಲಾರಂಭಿಸುವುದು. ತನ್ನಿಂದ ಆದೀತೇ ಎಂದು ತಿಳಿಯುವ ಮುಂಚೆಯೇ ಲಕ್ಷಗಟ್ಟಲೆ ರೂಪಾಯಿಗಳನ್ನು ಸುರಿಯಬೇಕು. ಈಜು ಕಲಿಯುವುದಕ್ಕೆ ಮೊದಲು ಕೆರೆಯನ್ನೇ ಕೊಂಡುಕೊಳ್ಳಬೇಕೆಂದಂತಾಯಿತು! ಯಾವ ತಂದೆಯಾದರೂ ಇಲ್ಲಿ ಹಿಂಜರಿದರೆ ಆತನನ್ನು ಕಠಿನ ಹೃದಯನೆಂದು ಹೇಳಲಾರೆವು.

ಇದರಿಂದಾಗಿ ನಮ್ಮ ಕಡೆಯ ಅಂಗವಿಕಲ ಸ್ತ್ರೀಯರಲ್ಲಿ ಗಾಡಿ ಕಲಿತವರು ಬಹುಮಟ್ಟಿಗೆ ಸ್ಕೂಟರನ್ನು ಕಲಿತವರು. ಗೇರಿಲ್ಲದ ಸ್ಕೂಟರಿಗೆ ಹಿಂದಿನ ಚಕ್ರದ ಎರಡು ಮಗ್ಗುಲಲ್ಲಿಯೂ ಒಂದೊಂದು ಚಕ್ರವನ್ನು ಜೋಡಿಸಿ ಕೊಡುತ್ತಾರೆ. ಕರ್ನಾಟಕ ಸರಕಾರದವರೂ ಇಂಥ ವಾಹನಗಳನ್ನು ಅಂಗವಿಕಲರಿಗೆ ಹಂಚುವ ಯೋಜನೆಯನ್ನು ನಡೆಯಿಸುತ್ತ ಬಂದಿರುವರು. ಅದರಿಂದ ಎಷ್ಟೋ ಮನೆಗಳಿಗೆ ಉಪಕಾರವಾಗಿದೆ. ಆದರೆ ಈ ವಾಹನವನ್ನು ನಡೆಯಿಸುವ ಕ್ರಮವೇ ಬೇರೆಯೆಂಬುದನ್ನು ಕಲಿಸತಕ್ಕವರೂ ಪರೀಕ್ಷಿಸತಕ್ಕವರೂ ಅನೇಕವೇಳೆ ಗಮನಿಸುವುದಿಲ್ಲ. ಎರಡು ಚಕ್ರದ ಗಾಡಿಯು ತಿರುವಿನಲ್ಲಿ ಒಳಮಗ್ಗುಲಿಗೆ ವಾಲುವುದು. ಮಗ್ಗುಲ ಚಕ್ರಗಳಿರುವುದು ವಾಲಲಾರದು. ವೇಗವಾಗಿ ತಿರುಗಿಸಿದರೆ ಹೊರಮಗ್ಗುಲಿಗೆ ಮಗುಚುವುದು. ಆದುದರಿಂದ ತಿರುವಿಗೆ ಮುಂಚೆಯೇ ವೇಗವನ್ನು ಪೂರ್ತಿ ಇಳಿಸಿಕೊಳ್ಳಬೇಕು. ರಸ್ತೆಯ ಅಂಚು ಇಳಿಜಾರಾಗಿರುವ ಕಡೆ ಮೈ ಒಂದು ಕಡೆಗೆ ಎಳೆಯುವುದು. ತಗ್ಗಿನಲ್ಲಿ ಮಗ್ಗುಲ ಚಕ್ರಗಳೆರಡೂ ದಿಬ್ಬದ ಮೇಲೆ ನಿಂತರೆ, ನಡುವಿನ ಚಕ್ರವು ನೆಲವನ್ನು ಬಿಟ್ಟು ಸುಮ್ಮನೆ ತಿರುಗುವುದೂ ಉಂಟು. ಇವನ್ನೆಲ್ಲ ಕಲಿಸತಕ್ಕವರು ಯಾರು?

ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಘದ ಸದಸ್ಯೆಯೊಬ್ಬರು ಗ್ರಾಮದ ಪಾಠಶಾಲೆಯಲ್ಲಿ ಉಪಾಧ್ಯಾಯಿನಿಯಾಗಿರುತ್ತಾರೆ. ಹೆಸರನ್ನು ಬರೆಯಲು ಅವರ ಒಪ್ಪಿಗೆಯಿಲ್ಲ. ಇಂಥ ಸ್ಕೂಟರಿನಲ್ಲಿ ಅವರು ಪರೀಕ್ಷೆಗೆ ಹೋದಾಗ ಎಲ್ಲರಂತೆ ೮ರ ಅಂಕೆಯ ಆಕಾರದಲ್ಲಿ ಸುತ್ತಬೇಕೆಂದರು. ನೆಲಕ್ಕೆ ಕಾಲೂರದೆ ತೋಲವನ್ನು ಕಾಪಾಡಿಕೊಳ್ಳುವರೋ ಇಲ್ಲವೋ ಎಂದು ಕಾಣುವುದಕ್ಕಾಗಿ ಆ ೮ನ್ನು ಬರೆದಿರುವುದು. ಮಗ್ಗುಲ ಚಕ್ರಗಳಿರುವ ಗಾಡಿಗೆ ತೋಲದ ಪ್ರಶ್ನೆಯೇ ಇಲ್ಲ. ಅಗಲವು ಮಾತ್ರ ಹೆಚ್ಚು. ಆದುದರಿಂದ ಅವರ ಮಗ್ಗುಲ ಚಕ್ರವು ಗೆರೆಯನ್ನು ದಾಟಿತು, ಅನುತ್ತೀರ್ಣರೆಂದು ಬರೆದರು. ಏಳು ದಿನಗಳ ಅನಂತರ ಪುನಃ ಹೋದರು. ಆ ದಿವಸ ಇದ್ದ ಪರೀಕ್ಷಕರು ಗಾಡಿಯನ್ನು ಒಮ್ಮೆ ಸುತ್ತಿ ನೋಡಿ, ೮ನ್ನು ಬಿಟ್ಟು, ಅವರನ್ನು ರಸ್ತೆಯ ಮೇಲೆಯೇ ಕರೆದೊಯ್ದರು. ತಿರುವಿನಲ್ಲಿ ವೇಗವನ್ನು ಇಳಿಸುವರೇ, ಕನ್ನಡಿಯನ್ನು ನೋಡುವರೇ, ಅಡ್ಡ ಬಂದ ಸೈಕಲ್ಲಿಗೆ ಎಷ್ಟು ದೂರದಲ್ಲಿ ಬ್ರೇಕು ಹಿಡಿಯುವರು ಎಂಬುದನ್ನೆಲ್ಲ ಕಾಲು ಗಂಟೆ ಪರೀಕ್ಷಿಸಿ ಲೈಸೆನ್ಸನ್ನು ಕೊಟ್ಟರು. ಇಬ್ಬರು ಪರೀಕ್ಷಕರಲ್ಲಿ ಕಠಿನರಾದವರು ಯಾರೆಂದು ನಮ್ಮನ್ನು ಕೇಳಿದರೆ, ಎರಡನೆಯವರೆಂದೇ ಹೇಳುವೆವು. ಮೊದಲನೆಯವರು ನೋಡಿದುದು ಗೆರೆಯನ್ನು. ಎರಡನೆಯವರು ಚಾಲನೆಯನ್ನು ನೋಡಿದರು.

ಕಠಿನ ಪರೀಕ್ಷೆಯೇ ನಮಗೆ ಬೇಕಾದುದು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ‘ಪಾಪ, ಕೊಟ್ಟುಬಿಡಿ’ ಎಂದು ಕನಿಕರದಿಂದ ಕೊಡುವ ಲೈಸೆನ್ಸುಗಳೂ, ದಲ್ಲಾಳಿಗಳ ಕೈಯಿಂದ ಬರುವ ಲೈಸೆನ್ಸುಗಳೂ ನಮ್ಮ ಊರುಗಳಲ್ಲಿ ಇಲ್ಲದಿಲ್ಲ. ಇಂಥ ಕನಿಕರವು ತಿರಸ್ಕಾರದ ತಂಗಿ. ಮೂರ್ಛೆ ಬರುವ ಕಾಯಿಲೆಯುಳ್ಳವರೂ, ಹಗಲು ಬೆಳಕಿನಲ್ಲಿ ೨೫ ಮೀಟರು ದೂರದ ಗಾಡಿಯ ಸಂಖ್ಯೆಯನ್ನು ಓದಲಾರದವರೂ ಆ ಸಂಗತಿಯನ್ನು ಅರ್ಜಿಯ ನಮೂನೆಯಲ್ಲಿ ಉಳ್ಳದ್ದು ಉಳ್ಳಂತೆ ತಿಳಿಸಬೇಕು. ಮಗಳ ಮೇಲಿನ ಅಕ್ಕರೆಯಿಂದ ತಾಯಿಯು ಅದನ್ನು ಮುಚ್ಚಿಡಕೂಡದು. ರಸ್ತೆಯಲ್ಲಿ ನಡೆಯುವ ಮಕ್ಕಳೂ ಯಾರೋ ತಾಯಿಯ ಮಕ್ಕಳೇ. ಆದರೆ ಯಾವುದರಿಂದ ಅಪಾಯ, ಯಾವುದರಿಂದ ಅಪಾಯವಿಲ್ಲ ಎಂಬುದನ್ನು ಊಹೆಯಿಂದ ನಿರ್ಣಯಿಸಬಾರದು. ಕಿವುಡರು ಗಾಡಿ ನಡೆಯಿಸಲಾರರೆಂದು ನಮ್ಮ ದೇಶದಲ್ಲಿ ಬಹುಕಾಲ ನಂಬಿದ್ದರು. ಕಿವುಡರ ರಾಷ್ಟ್ರೀಯ ಸಂಘದವರು ನ್ಯಾಯಾಲಯಕ್ಕೆ ಹೋದರು. ಪರೀಕ್ಷೆಯಲ್ಲಿ ತೇರ್ಗಡೆಯಾದ ಕಿವುಡರಿಗೆ ಲೈಸೆನ್ಸನ್ನು ಕೊಡಬೇಕೆಂದು ೨೦೧೧ರಲ್ಲಿ ದಿಲ್ಲಿಯ ಹೈಕೋರ್ಟಿನಲ್ಲಿ ತೀರ್ಪಾಯಿತು. ಬಣ್ಣಗಳ ಭೇದವನ್ನು ಸ್ವಲ್ಪಮಟ್ಟಿ‌ಗೆ ಕಾಣಲಾರದವರಿಗೂ ೨೦೨೦ರಲ್ಲಿ ಅವಕಾಶವಾಯಿತು. ಗಾಜುಗಳನ್ನೆಲ್ಲ ಏರಿಸಿಕೊಂಡು, ಒಳಗೆ ಸಂಗೀತವನ್ನು ಗಟ್ಟಿಯಾಗಿ ಹಾಕಿಕೊಂಡು ಹೋಗುವವರ ಕಿವಿಗೆ ಎಷ್ಟು ಕೇಳಿಸುವುದೆಂದು ಯಾರೂ ಪರೀಕ್ಷಿಸಲಿಲ್ಲವೆಂಬುದು ಬೇರೆ ಮಾತು.

ಕೇರಳದ ಇಡುಕ್ಕಿ ಜಿಲ್ಲೆಯ ಜಿಲುಮೋಳ್ ಮೇರಿಯೆಟ್ ಥಾಮಸ್ ಎಂಬ ಯುವತಿಯ ವೃತ್ತಾಂತವನ್ನು ಪತ್ರಿಕೆಗಳಲ್ಲಿ ಅನೇಕರು ಓದಿರಬಹುದು. ಆಕೆಗೆ ಹುಟ್ಟಿನಿಂದಲೇ ಎರಡು ಕೈಗಳೂ ಇಲ್ಲ. ಚಿತ್ರಗಳನ್ನು ರಚಿಸುವ ಉದ್ಯೋಗವನ್ನು ಕಾಲಿನಿಂದಲೇ ಮಾಡುತ್ತಾರೆ. ಗಾಡಿಯ ಲೈಸೆನ್ಸಿಗೆ ಅರ್ಜಿ ಹಾಕಿದಾಗ ಮೊದಲು ನಿರಾಕರಿಸಿದರು. ಹಲವು ವರ್ಷ ಹೋರಾಡಿ, ಕೊಚ್ಚಿಯಲ್ಲಿ ಮಾರ್ಪಡಿಸಿದ ಸೆಲೆರಿಯೋ ಕಾರನ್ನು ಕಾಲಿನಿಂದ ನಡೆಯಿಸುವುದನ್ನು ಕಲಿತು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ೨೦೨೩ನೆಯ ಡಿಸೆಂಬರಿನಲ್ಲಿ ಆ ರಾಜ್ಯದ ಮುಖ್ಯಮಂತ್ರಿಗಳ ಕೈಯಿಂದ ಲೈಸೆನ್ಸನ್ನು ಪಡೆದರು. ದೀಪ, ಮಳೆಯೊರಸು ಮೊದಲಾದುವನ್ನು ಬಾಯಿಮಾತಿನಿಂದಲೇ ನಡೆಯಿಸುವಂತೆ ಆ ಕಾರಿನಲ್ಲಿ ಏರ್ಪಡಿಸಿರುವರು. ಇದನ್ನು ಓದಿ ‘ಅದ್ಭುತ’ ಎಂದು ಹೊಗಳಿ ಪತ್ರಿಕೆಯನ್ನು ಮಡಿಸಿಡುವುದು ಸುಲಭ. ಆ ವರ್ಷಗಳಷ್ಟು ಹೋರಾಡಲು ಶಕ್ತಿಯಿಲ್ಲದ ಸಾಮಾನ್ಯ ಹುಡುಗಿಯ ಗತಿಯೇನೆಂಬುದು ನಮ್ಮ ಪ್ರಶ್ನೆ. ಎಲ್ಲರೂ ಅದ್ಭುತಗಳಾಗಬೇಕಾಗಿಲ್ಲ, ಪೇಟೆಗೆ ಹೋಗಿ ಬಂದರೆ ಸಾಕು.

ಈಗ ತಾಯಿತಂದೆಗಳಲ್ಲಿ ಒಂದು ಮಾತು. ‘ಅವಳಿಗೇತಕ್ಕೆ ಗಾಡಿ? ಎಲ್ಲಿಗೆ ಬೇಕಾದರೂ ಅಣ್ಣ ಕರೆದುಕೊಂಡು ಹೋಗುತ್ತಾನೆ’ ಎಂದು ನೀವು ಹೇಳುವುದನ್ನು ಕೇಳಿದ್ದೇವೆ. ಅಣ್ಣನು ಒಳ್ಳೆಯವನೇ. ಆದರೆ ಅಣ್ಣನಿಗೆ ಬಿಡುವಾದಾಗ ವೈದ್ಯರಲ್ಲಿಗೆ, ಅಣ್ಣನಿಗೆ ಮನಸ್ಸು ಬಂದಾಗ ದೇವಾಲಯಕ್ಕೆ, ಅಣ್ಣನಿಗೆ ಮದುವೆಯಾದ ಮೇಲೆ ಅತ್ತಿಗೆಯ ಮುಖವನ್ನು ನೋಡಿಕೊಂಡು ಎಲ್ಲಿಗೂ ಇಲ್ಲ, ಹೀಗೆ ಆಗುವುದನ್ನೂ ಕಂಡಿದ್ದೇವೆ. ಮೂವತ್ತು ಮೈಲಿ ದೂರದ ಊರಿಗೆ ನೇಮಕವಾಯಿತೆಂದು, ಬಸ್ಸಿನ ಮೆಟ್ಟಿಲನ್ನು ಹತ್ತಲಾರದೆ, ದೊರೆತ ಕೆಲಸವನ್ನೇ ಬಿಟ್ಟವರೂ ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಇದ್ದಾರೆ. ಓದಿಸುವಾಗ ತೋರಿದ ಧೈರ್ಯವನ್ನು ಓದಿನ ಫಲವು ಕೈಗೆ ಬರುವ ಹೊತ್ತಿನಲ್ಲಿ ಕಳೆದುಕೊಳ್ಳುವುದೇಕೆ? ಗಾಡಿಯು ದಾರಿಯಲ್ಲಿ ಕೆಟ್ಟು ನಿಂತರೆ ಏನು ಮಾಡುವಳೆಂಬ ಭಯವು ಸಹಜವಾದುದು. ಆ ಭಯವು ಇಬ್ಬರು ಹೆಣ್ಣುಮಕ್ಕಳ ವಿಷಯದಲ್ಲಿಯೂ ಇರುವುದು, ಇಬ್ಬರ ಬಳಿಯಲ್ಲಿಯೂ ಈಗ ಫೋನು ಇರುವುದು. ವರಾನ್ವೇಷಣೆಯ ಕಾಲದಲ್ಲಿ ಮಗ್ಗುಲ ಚಕ್ರದ ಗಾಡಿಯು ಜನರ ಕಣ್ಣಿಗೆ ಬೀಳುವುದೆಂಬ ಸಂಕೋಚವನ್ನು ಕುರಿತು ನಾವೇನೂ ಬರೆಯುವುದಿಲ್ಲ. ಕಾಲಿಗೆ ಕಟ್ಟಿದ ಕಬ್ಬಿಣದ ಪಟ್ಟಿಯು ಅವರ ಕಣ್ಣಿಗೆ ಬೀಳದೆ ಇದ್ದೀತೇ?

ವೆಲ್ಲೂರಿನ ಮಿಷನ್ ಆಸ್ಪತ್ರೆಯ ಡಾಕ್ಟರ್ ಮೇರಿ ವರ್ಗೀಸರ ಹೆಸರನ್ನು ನಮ್ಮ ಓದುಗರು ಬಲ್ಲರು. ೧೯೫೪ರಲ್ಲಿ ಮೋಟಾರು ಅಪಘಾತದಿಂದ ಅವರ ಸೊಂಟದ ಕೆಳಗಿನ ಭಾಗದ ಚಲನೆಯೆಲ್ಲ ನಿಂತುಹೋಯಿತು. ಆಮೇಲೆ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆಯನ್ನು ಮಾಡಿದರು. ಆಸ್ಪತ್ರೆಯವರು ಅವರಿಗೆ ತಕ್ಕಂತೆ ಮೇಜನ್ನು ಏರ್ಪಡಿಸಿಕೊಟ್ಟರೇ ಹೊರತು, ನಿಂತುಕೊಂಡಲ್ಲದೆ ಶಸ್ತ್ರಚಿಕಿತ್ಸೆಯನ್ನು ಮಾಡಕೂಡದೆಂದು ಹೇಳಲಿಲ್ಲ.

ಪೋಲಿಯೋ ರೋಗವು ನಮ್ಮ ದೇಶದಿಂದ ತೊಲಗಿತೆಂದು ೨೦೧೪ರಲ್ಲಿ ಘೋಷಿಸಿದರು. ಅದಕ್ಕಾಗಿ ದೇವರಿಗೆ ಸ್ತೋತ್ರ. ಹೀಗಿರುವಾಗ ಇನ್ನು ಈ ವಿಚಾರವೇತಕ್ಕೆಂದು ಕೆಲವರು ಕೇಳಿಯಾರು. ಆ ರೋಗದಿಂದ ಬಾಲ್ಯದಲ್ಲಿ ಕಾಲು ಕಳೆದುಕೊಂಡವರು ಈಗ ನಡುವಯಸ್ಸಿನ ಸ್ತ್ರೀಯರು. ಅವರಲ್ಲಿ ಎಷ್ಟೋ ಜನ ಈ ಸಂಚಿಕೆಯನ್ನು ಓದತಕ್ಕವರೇ. ಅವರ ತಾಯಿತಂದೆಗಳಿಗೆ ವಯಸ್ಸಾಗಿದೆ, ಕರೆದೊಯ್ಯುವವರು ಕಡಮೆಯಾಗುತ್ತಿದ್ದಾರೆ. ಎಳೆಯರಲ್ಲಿ ರಸ್ತೆಯ ಅಪಘಾತದಿಂದ ಬೆನ್ನುಹುರಿಗೆ ಪೆಟ್ಟುಬಿದ್ದವರೂ, ಹುಟ್ಟಿನಿಂದಲೇ ಅಂಗಗಳ ಸ್ವಾಧೀನ ಕಡಮೆಯಿರುವವರೂ ಇದ್ದಾರೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ೨೧ ವಿಧದ ವೈಕಲ್ಯಗಳನ್ನು ಹೆಸರಿಸಿರುವುದು. ಇವರೆಲ್ಲರಿಗೂ ಗಾಡಿ ಒಪ್ಪುವುದೆಂದಲ್ಲ. ಒಪ್ಪುವುದೋ ಇಲ್ಲವೋ ಎಂದು ನೋಡುವುದಕ್ಕೂ ಒಂದು ಗಾಡಿ ಬೇಕು.

ಆ ಸೂಚನೆಗೆ ಈಗ ಬರುವೆವು. ಉತ್ಸವದ ನೆನಪಿಗಾಗಿ ಶಾಲೆಯ ಮುಂಗಡೆಯಲ್ಲಿ ಕಲ್ಲಿನ ಮಹಾದ್ವಾರವೊಂದನ್ನು ಕಟ್ಟಿಸಬೇಕೆಂದು ಸಮಿತಿಯವರು ಆಲೋಚಿಸಿ ಹಣವನ್ನು ಕೂಡಿಸುತ್ತಿರುವರು. ಸಮಿತಿಯವರ ಭಕ್ತಿಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಈಗಿರುವ ಕಬ್ಬಿಣದ ಬಾಗಿಲಿನಿಂದ ಒಳಗೆ ಬರಲಾರದವರು ಯಾರೂ ಇಲ್ಲ. ಮನೆಯಿಂದ ಹೊರಗೆ ಹೊರಡಲಾರದವರು ಇದ್ದಾರೆ. ಆ ಹಣದಿಂದ ತಾನಾಗಿ ಗೇರು ಬದಲಾಯಿಸಿಕೊಳ್ಳುವ ಒಂದು ಸಣ್ಣ ಕಾರನ್ನು ಕೊಂಡು, ಪುಣೆಯ ಎ.ಆರ್.ಎ.ಐ. ಸಂಸ್ಥೆಯವರು ಪರೀಕ್ಷಿಸಿ ಒಪ್ಪಿದ ಕೈಕೋಲನ್ನು ಅದಕ್ಕೆ ಜೋಡಿಸಿ, ಅಂಗವಿಕಲರಿಗೆ ಕಲಿಸುವುದಕ್ಕಾಗಿಯೇ ಮೀಸಲಿಡಬೇಕೆಂದು ನಾವು ಸೂಚಿಸುತ್ತೇವೆ. ಶಾಲೆಯವರೇ ಕಲಿಸುವುದು ಸಾಧ್ಯವಿಲ್ಲ. ಲೈಸೆನ್ಸುಳ್ಳ ಡ್ರೈವಿಂಗ್ ಸ್ಕೂಲಿನವರೇ ಕಲಿಸಬೇಕೆಂದೂ, ಕಲಿಸುವವರ ಬಳಿಯೂ ಬ್ರೇಕು ಮುಂತಾದುವು ಇರುವ ಗಾಡಿಯೇ ಆಗಬೇಕೆಂದೂ ಕಟ್ಟಳೆಯುಂಟು. ಆದುದರಿಂದ ಊರಿನ ಒಂದು ಒಳ್ಳೆಯ ಡ್ರೈವಿಂಗ್ ಸ್ಕೂಲಿನವರೊಡನೆ ಕರಾರನ್ನು ಬರೆಯಿಸಿಕೊಂಡು ಅವರ ಮೂಲಕ ನಡೆಯಿಸಬೇಕು. ಮಾರ್ಪಡಿಸಿದ ವಾಹನವು ಅಂಗವಿಕಲರಿಗಾಗಿಯೇ ಉಪಯೋಗವಾಗತಕ್ಕದ್ದೆಂದು ಕಾಯಿದೆಯ ವ್ಯಾಖ್ಯೆಯಿರುವುದರಿಂದ, ಮಿಕ್ಕ ಕಾಲದಲ್ಲಿ ಬಾಡಿಗೆಗೆ ಬಿಟ್ಟು ಲಾಭ ಪಡೆಯುವ ಆಲೋಚನೆಯು ಬೇಡ. ಅದೇ ಗಾಡಿಯಲ್ಲಿ ಪರೀಕ್ಷೆಯನ್ನು ಕೊಡಿಸುವುದಕ್ಕೆ ಸಾರಿಗೆ ಅಧಿಕಾರಿಗಳ ಒಪ್ಪಿಗೆಯನ್ನು ಮುಂಚಿತವಾಗಿ ಲಿಖಿತದಲ್ಲಿ ಪಡೆಯಬೇಕು. ಇಷ್ಟಾದರೆ, ಆಕೆಯು ಕಲಿತು, ತನ್ನಿಂದಾಗುವುದೆಂದು ತಿಳಿದು, ಆಮೇಲೆ ಸ್ವಂತ ಗಾಡಿಯ ಆಲೋಚನೆಯನ್ನು ಮಾಡಬಹುದು.

ನಮ್ಮ ಶಾಲೆಯ ಹುಡುಗಿಯರಿಗೆ ಮಾತ್ರವೇ ಇದನ್ನು ಮೀಸಲಾಗಿಡಬೇಕೆಂಬ ಅಭಿಪ್ರಾಯವು ನಮಗಿಲ್ಲ. ಬೇರೆ ಶಾಲೆಯವರೂ, ಬೇರೆ ಮತದವರೂ, ಗಂಡಸರೂ ಬರಲಿ. ಹದಿನೆಂಟು ವರ್ಷ ತುಂಬಿದ್ದರೆ ಸಾಕು. ಬಡವರಿಂದ ಪೆಟ್ರೋಲಿನ ವೆಚ್ಚವನ್ನೂ ತೆಗೆದುಕೊಳ್ಳಬಾರದು.

ಸಮಿತಿಯ ಮುಂದಿನ ಕೂಟದಲ್ಲಿ ಈ ಸೂಚನೆಯನ್ನು ಮತಕ್ಕೆ ಹಾಕಬೇಕೆಂದು ಕಾರ್ಯದರ್ಶಿಗಳಿಗೆ ಬರೆದಿದ್ದೇವೆ. ದೂರದಲ್ಲಿರುವ ಸಹೋದರಿಯರು ಒಪ್ಪಿಗೆಯಿದ್ದರೂ ಇಲ್ಲದಿದ್ದರೂ ಪತ್ರ ಮುಖೇನ ತಿಳಿಸಲಿ. ಗಾಡಿಯನ್ನು ನಿಲ್ಲಿಸುವುದಕ್ಕೆ ಬೋರ್ಡಿಂಗಿನ ಹಳೆಯ ಅಡಿಗೆಮನೆಯ ಪಕ್ಕದಲ್ಲಿ ಸೌದೆಯ ಕೊಟ್ಟಿಗೆಯು ಖಾಲಿ ಬಿದ್ದಿದೆ. ಅದರ ಮಾಡನ್ನು ಮಳೆಗಾಲಕ್ಕೆ ಮುಂಚೆ ರಿಪೇರಿ ಮಾಡಿಸಬೇಕು. ಬಾಗಿಲಿನ ಎದುರಿಗಿರುವ ಎರಡು ಮೆಟ್ಟಿಲುಗಳನ್ನು ಒಡೆದು, ಗಾಲಿಕುರ್ಚಿಯು ಹೋಗುವಂತೆ ಇಳಿಜಾರು ಮಾಡಿಸಬೇಕು. ಇದಕ್ಕೆ ತಗಲುವ ಕೂಲಿಯನ್ನು ನಾವು ಕೆಲವರು ಸೇರಿ ಕೊಡುವುದಾಗಿ ಒಪ್ಪಿಕೊಂಡಿರುತ್ತೇವೆ.